ಬೋರ್ಟೆಲೆಯ ಬೆನ್ನು

ಬೋರ್ಟೆಲೆಯನ್ನು ಕಂಡರೆ ಟೆಶಿ ಊರಿನ ನಾಯಿಗಳು ಬೊಗಳುವುದನ್ನೇ ಬಿಟ್ಟಿದ್ದವು. ಆರು ವರ್ಷದಿಂದ ದಿನಾ ಬೆಳಿಗ್ಗೆ ಅದೇ ದಾರಿ: ಮನೆಯ ಗೇಟಿನಿಂದ ಸೈನಿಕರ ಕ್ಯಾಂಪಿನವರೆಗೆ, ಅಲ್ಲಿಂದ ವಾಪಸ್ಸು. ಮೂವತ್ತು ವರ್ಷ ಒಲೆಯ ಮುಂದೆ ಕೂತು ಮೀನಿಗೆ ಹೊಗೆ ಹಿಡಿಸಿ ಮಾರಿದವಳು. ಕಣ್ಣು ಮಂಜಾಗಿ ಆ ಕೆಲಸ ಬಿಟ್ಟಾಗ ಆಸ್ಪತ್ರೆಯ ನರ್ಸು ನಡೆಯಲು ಹೇಳಿದ್ದಳು. ಸರಿ, ಮಳೆ ಬಂದರೂ ನಡೆದಳು, ತಮ್ಮ ತೀರಿಕೊಂಡ ವಾರವೂ ನಡೆದಳು. ಅರವತ್ತಾರರಲ್ಲಿ ನಾಲ್ಕು ಮೈಲಿ ನಡೆಯುವವರು ಓಣಿಯಲ್ಲಿ ಇನ್ನೊಬ್ಬರಿಲ್ಲ ಎಂಬ ಜಂಬವೂ ಸ್ವಲ್ಪ ಇತ್ತು.

ಹಾಗಾಗಿ ಮಗಳು ಡೇಡೈಯ ಹೆರಿಗೆ ರಜೆ ಮುಗಿದ ಮೇಲೆ ಮಗುವನ್ನು ಯಾರು ನೋಡಿಕೊಳ್ಳುವುದು ಎಂಬ ಪ್ರಶ್ನೆಯೇ ಏಳಲಿಲ್ಲ. ಅಜ್ಜಿ ಬೆನ್ನಿಗೆ ಕಟ್ಟಿಕೊಳ್ಳುತ್ತಾಳೆ. ಮತ್ತಿನ್ನೇನು?

ಪುಟ್ಟ ಶೋರ್ಮೆಯ ಕತ್ತು ನಿಂತ ವಾರ ಬೋರ್ಟೆಲೆ ಒಳ್ಳೆಯ ಬಟ್ಟೆಯೊಂದನ್ನು ಪೆಟ್ಟಿಗೆಯಿಂದ ತೆಗೆದಳು. ಮುಂದಕ್ಕೆ ಬಗ್ಗಿದಳು, ಮಗುವನ್ನು ಪಕ್ಕೆಯಿಂದ ಬೆನ್ನಿಗೆ ಜಾರಿಸಿದಳು, ಬಟ್ಟೆ ಹೊದಿಸಲು ಒಂದು ಕೈ ಚಾಚಿದಳು. ಅಷ್ಟೇ. ಕಾಲು ತಡವರಿಸಿತು. ಮೈ ಎಡಕ್ಕೆ ವಾಲಿತು. ಬೆನ್ನಿನ ಮೇಲಿನ ಬೆಚ್ಚನೆಯ ಭಾರ ಮೆಲ್ಲಗೆ ಜಾರಿಹೋಗುವುದು ಅವಳ ಚರ್ಮಕ್ಕೆ ತಿಳಿಯುತ್ತಿತ್ತು, ತಡೆಯಲು ಆಗಲಿಲ್ಲ. ಡೇಡೈ ಓಡಿಬಂದು ಹಿಡಿದುಕೊಂಡಳು.

"ನಾಲ್ಕು ಮೈಲಿ ನಡೀತೀನಿ ಕಣೇ ನಾನು," ಎಂದಳು ಬೋರ್ಟೆಲೆ.

"ಗೊತ್ತಮ್ಮ. ಆದ್ರೆ ಇವಳು ಬಿದ್ದಿದ್ರೆ? ತಲೆಗೆ ಪೆಟ್ಟಾಗಿದ್ರೆ?" ಡೇಡೈ ಮಗುವಿನ ತಲೆಯನ್ನು ಸವರುತ್ತಲೇ ಇದ್ದಳು. "ಬೇಜಾರ್ ಮಾಡ್ಕೋಬೇಡ. ಶಿಶುವಿಹಾರದಲ್ಲಿ ಕೇಳ್ತೀನಿ."

ರಜೆ ಮುಗಿಯಲು ಇನ್ನು ಏಳು ವಾರವಿತ್ತು.

ಬೇಜಾರಾಯಿತು. ಆದರೆ ಮಗಳ ಮೇಲಲ್ಲ. ಮರುದಿನ ಕ್ಯಾಂಪಿನ ದಾರಿಯನ್ನು ಎಂದಿಗಿಂತ ಬಿರುಸಾಗಿ ನಡೆದಳು. ಒಂದು ಮೈಲಿ ಹೆಚ್ಚೇ ನಡೆದಳು. ಮನೆಗೆ ಬಂದು ಗೋಡೆ ಹಿಡಿಯದೆ ಬಗ್ಗಿ ನೋಡಿದಳು. ಮೈ ಮತ್ತೆ ವಾಲಿತು.

ಶನಿವಾರ ಸಮುದ್ರದ ದಂಡೆಯಲ್ಲಿ ಲಾರ್ಯೆ ಮಾಸ್ಟರ ವ್ಯಾಯಾಮದ ಗುಂಪು ಸೇರುತ್ತದೆ. ಶಾಲೆಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು; ಸೀಟಿ ಮಾತ್ರ ಇನ್ನೂ ಕತ್ತಿನಲ್ಲೇ. ಬೋರ್ಟೆಲೆ ಹೋಗಿ ವಿಷಯ ಹೇಳಿದಳು.

"ಒಂದ್ ಕಾಲ್ ಮೇಲೆ ನಿಂತ್ಕೊಳ್ಳಿ ನೋಡೋಣ," ಎಂದರು ಮಾಸ್ಟರು. ನಾಲ್ಕು ಎಣಿಸುವಷ್ಟರಲ್ಲಿ ಅವರ ತೋಳನ್ನೇ ಹಿಡಿದಳು. "ಆರು ವರ್ಷದಿಂದ ನಿಮ್ ಕಾಲಿಗೆ ಒಂದೇ ಪಾಠ ಹೇಳಿದೀರಿ, ಆಂಟಿ. ಮುಂದಕ್ ಹೋಗೋದು. ಪಕ್ಕಕ್ಕೆ ಸರಿಯೋದು, ಕೂತು ಏಳೋದು, ಬಗ್ಗಿ ತಿರುಗೋದು ಯಾರ್ ಕಲಿಸ್ತಾರೆ? ದಿನಾ ಕೆಂಕಿ ಮುದ್ದೆ ಒಂದನ್ನೇ ತಿಂದ್ರೆ ಮೈಗೆ ಸಾಕಾ?"

"ಅರವತ್ತಾರು ವರ್ಷದಿಂದ ಅದನ್ನೇ ತಿಂತಿರೋದು ಮಾಸ್ಟ್ರೇ."

ಮಾಸ್ಟರು ತಲೆ ಕೆರೆದುಕೊಂಡರು. "ಜೊತೆಗೆ ಮೀನು, ಮೆಣಸಿನಕಾಯಿ ಚಟ್ನಿ?"

"ಅದಿಲ್ದೆ ಹೆಂಗ್ರೀ ಗಂಟಲಲ್ಲಿ ಇಳಿಯುತ್ತೆ?"

"ಹಾಂ. ಇದೂ ಹಂಗೇ."

ಕ್ಯಾಂಪಿನ ದಾರಿ ವಾರಕ್ಕೆ ಎರಡೇ ದಿನಕ್ಕೆ ಇಳಿಯಿತು. ಮಿಕ್ಕ ದಿನ ಮರಳಿನಲ್ಲಿ ಏಡಿಯ ಹಾಗೆ ಅಡ್ಡಡ್ಡ ನಡಿಗೆ. ಗಿಡ್ಡ ಮಣೆಯ ಮೇಲೆ ಕೂತು ಕೈ ಊರದೆ ಏಳುವುದು. ಹಲ್ಲುಜ್ಜುವಾಗ ಬಾಗಿಲ ಪಕ್ಕದಲ್ಲಿ ಒಂದೇ ಕಾಲಿನ ಮೇಲೆ ನಿಲ್ಲುವುದು. ಮೊದಲ ಹತ್ತು ದಿನ ಮೈಯಲ್ಲಿ ಎಲ್ಲೆಲ್ಲೋ ನೋವು. "ಇಲ್ಲೊಂದು ಮಾಂಸ ಇದೆ ಅಂತಾನೇ ಗೊತ್ತಿರ್ಲಿಲ್ಲ," ಎಂದು ಸೊಂಟದ ಹಿಂಭಾಗವನ್ನು ಒತ್ತಿಕೊಳ್ಳುತ್ತಿದ್ದಳು. ಹಳೆಯ ದಾರಿಗೆ ಮನಸ್ಸು ಎಳೆಯುತ್ತಿತ್ತು. ಅಲ್ಲಿ ಅವಳು ಗಟ್ಟಿಗಿತ್ತಿ; ಇಲ್ಲಿ ಒಂದನೇ ಕ್ಲಾಸಿನ ಹುಡುಗಿ.

ನಾಲ್ಕನೇ ವಾರ ಮರಗೆಣಸಿನ ಗಾರಿ ಹಿಟ್ಟಿನ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು ಅಂಗಳದಲ್ಲಿ ಓಡಾಡತೊಡಗಿದಳು. ಪಕ್ಕದ ಮನೆಯವಳು ಗೋಡೆಯ ಮೇಲಿಂದ ಇಣುಕಿದಳು. "ಬೋರ್ಟೆಲೆ, ಯಾವಾಗ ಹೆತ್ತೆ? ಅಪ್ಪ ಯಾರೇ?"

"ಅಂಗಡಿಯವನು. ನಿನ್ ಗಂಡಂಗೆ ಹೇಳ್ಬೇಡ, ಸಂಕಟಪಟ್ಟಾನು."

ಅಡುಗೆಮನೆಯ ಕಿಟಕಿಯಿಂದ ಡೇಡೈ ನೋಡುತ್ತಿದ್ದಳು. ಅಮ್ಮ ಬಗ್ಗಿ ಚೀಲವನ್ನು ಬೆನ್ನಿಗೇರಿಸುವುದು, ಅದು ಜಾರುವುದು, ಅಮ್ಮ ಅದಕ್ಕೆ "ಅಯ್ಯೋ ಕಂದಾ" ಎನ್ನುವುದು, ಮತ್ತೆ ಏರಿಸುವುದು. ಶಿಶುವಿಹಾರದ ಅರ್ಜಿ ಅರ್ಧ ತುಂಬಿ ಮೇಜಿನ ಮೇಲೆ ಬಿದ್ದಿತ್ತು.

ರಜೆಯ ಕೊನೆಯ ಭಾನುವಾರ ಡೇಡೈಯೇ ಹಾಸಿಗೆ ಎಳೆದುತಂದು ನೆಲಕ್ಕೆ ಹಾಸಿದಳು. ಸುತ್ತಲೂ ದಿಂಬು ಜೋಡಿಸಿದಳು. "ಇದರ ಮೇಲೆ ನಿಂತು ಹೊತ್ಕೋ."

"ಮೆತ್ತಗಿದ್ರೆ ಕಾಲು ನಿಲ್ಲಲ್ಲ ಕಣೇ, ತೆಗಿ," ಎಂದು ಬೋರ್ಟೆಲೆ ನೆಲದ ಮೇಲೆಯೇ ನಿಂತಳು.

ಬಗ್ಗಿದಳು. ಶೋರ್ಮೆ ಬೆನ್ನಿಗೇರಿದಳು. ಗಾರಿ ಚೀಲ ಒದೆಯುವುದಿಲ್ಲ, ಮಗು ಒದೆಯಿತು. ಬಟ್ಟೆಯ ಒಂದು ತುದಿ ಕೈತಪ್ಪಿತು. ಡೇಡೈ ಉಸಿರು ಹಿಡಿದಳು. ಬೋರ್ಟೆಲೆ ಮಂಡಿಯನ್ನು ಇನ್ನಷ್ಟು ಮಡಿಸಿ, ಭಾರವನ್ನು ಬಲಗಾಲಿಗೆ ದಾಟಿಸಿ, ಹಾಗೇ ನಿಂತಳು. ತುದಿ ಮತ್ತೆ ಕೈಗೆ ಸಿಕ್ಕಿತು. ಎದೆಯ ಮೇಲೊಂದು ಸುತ್ತು, ಬಿಗಿಯಾಗಿ ಒಂದು ಮಡಿಕೆ. ನೆಟ್ಟಗಾದಳು.

ಮಗು ಅಜ್ಜಿಯ ಬೆನ್ನಿಗೆ ಕೆನ್ನೆಯಿಟ್ಟಿತು.

"ನಾಳೆ ಏಳೂವರೆಗೆ ಹೊರಡ್ತೀನಿ," ಎಂದಳು ಡೇಡೈ. "ಹಾಲು ಒಂಬತ್ತಕ್ಕೆ. ಬಿಸಿಲಿಗೆ ಕರ್ಕೊಂಡು ಹೋಗ್ಬೇಡ. ಸುಸ್ತಾದ್ರೆ ಇಳಿಸ್ಬಿಡು, ಜಂಬ ಮಾಡ್ಬೇಡ. ಅಮ್ಮ, ಕೇಳಿಸ್ತಾ?"

ಬೋರ್ಟೆಲೆ ಆಗಲೇ ಗೇಟು ದಾಟಿದ್ದಳು. ಡೇಡೈ ಎರಡೂ ಕೈ ಚಾಚಿಕೊಂಡು ಹಿಂದೆಯೇ ಹೊರಟಳು. ಮೂರು ಮನೆ ದಾಟುವವರೆಗೂ ಹಾಗೇ ನಡೆದಳು. ಆಮೇಲೆ ಕೈ ಇಳಿಸಿದಳು.