ತುಂಗಾ ಸಹಿ ಹಾಕದ ಕಾಗದ

ಕಾಂತರಾಜು ಅವರು ಕಾಮಾಕ್ಷಿಪಾಳ್ಯ, ಲಗ್ಗೆರೆಯ ಮನೆಗಳಿಗೆ ಇಂಟರ್ನೆಟ್ ಕೊಡುತ್ತಾರೆ. ಅವರಲ್ಲಿ ತುಂಗಾ ಕೆಲಸಕ್ಕೆ ಸೇರಿದ್ದು ಕಂಬದಿಂದ ಮನೆಗೆ ಕೇಬಲ್ ಎಳೆಯಲು. ಹನ್ನೊಂದು ವರ್ಷದಲ್ಲಿ ಸರ್ವರ್ ಪೂರ್ತಿ ಅವಳ ಕೈಗೆ ಬಂದಿತ್ತು. ಯಾರದಾದರೂ ನೆಟ್ ನಿಂತರೆ ಒಂದು ಸಾಲು ಟೈಪ್ ಮಾಡಿ, ಆ ಮನೆಯ ಪ್ಯಾಕೆಟ್‌ಗಳು, ಅಂದರೆ ಡೇಟಾದ ಚಿಕ್ಕ ತುಂಡುಗಳು, ಒಂದೊಂದಾಗಿ ಹೋಗುವುದನ್ನು ನೋಡುತ್ತಾಳೆ. ಅವು ಎಲ್ಲಿ ನಿಂತಿವೆಯೋ ಅಲ್ಲೇ ರೋಗ.

ಆದರೆ ಸಂಜೆ ಎಲ್ಲರೂ ವಿಡಿಯೋ ಹಾಕಿದರೆ ಸರ್ವರ್ ಏದುಸಿರು ಬಿಡುತ್ತಿತ್ತು. ಸರ್ವರ್ ನಡೆಸುವ ಲಿನಕ್ಸ್‌ನ ತಿರುಳಾದ ಕರ್ನಲ್ ಪ್ರತಿ ಪ್ಯಾಕೆಟ್ಟಿನ ವಿಳಾಸ ನೋಡಿ, ನಿಯಮ ನೋಡಿ, ಆಮೇಲೆ ಕಳಿಸುತ್ತದೆ. ಮಧುಕುಮಾರ್ ಎಂಬ ಎಂಜಿನಿಯರ್ ಇದಕ್ಕೆ ಮದ್ದು ತಂದ. ಅವನ ಪ್ರೋಗ್ರಾಂ ಪ್ಯಾಕೆಟ್ ಬಂದುಹೋಗುವ ನೆಟ್‌ವರ್ಕ್ ಕಾರ್ಡನ್ನು ಕರ್ನಲ್ ಕೈಯಿಂದ ಬಿಡಿಸಿ ತಾನೇ ಇಟ್ಟುಕೊಳ್ಳುತ್ತದೆ. ಪರೀಕ್ಷೆಯ ಮಷೀನಿನಲ್ಲಿ ವೇಗ ಆರು ಪಟ್ಟಾಯಿತು. ತುಂಗಾ ಎರಡು ಸಲ ಅಳೆದಳು. ನಿಜವೇ.

ಮಧುಕುಮಾರ್ ಕಾಂತರಾಜು ಅವರ ವಿಜಯನಗರದ ಆಫೀಸಿನಲ್ಲೇ ಕೂತು ಕಾಮಾಕ್ಷಿಪಾಳ್ಯದ ಸರ್ವರ್‌ಗೆ ಲಾಗಿನ್ ಆಗಿ, ಮೊದಲು ಲಗ್ಗೆರೆಯ ಲೈನುಗಳನ್ನು ಬದಲಿಸಲು ಹೊರಟ. ಸ್ಕ್ರೀನ್ ಇದ್ದಂತೆಯೇ ನಿಂತುಹೋಯಿತು. ಯಾವ ಕಾರ್ಡಿನ ಮೂಲಕ ಒಳಗೆ ಹೋಗಿದ್ದನೋ ಅದನ್ನೇ ಕರ್ನಲ್‌ನಿಂದ ಕಿತ್ತುಕೊಂಡಿದ್ದ.

"ಒಳಗ್ ಹೋಗಿ ಬಾಗಿಲೇ ಕಿತ್ಬಿಟ್ರಲ್ಲಾ ಸಾರ್!" ತುಂಗಾ ಕೀಬೋರ್ಡ್ ಕಂಕುಳಲ್ಲಿಟ್ಟುಕೊಂಡು ಕಾಮಾಕ್ಷಿಪಾಳ್ಯಕ್ಕೆ ಸ್ಕೂಟರ್ ಹತ್ತಿದಳು. ಲಾಗಿನ್‌ಗೆ ಬೇರೆ ಕಾರ್ಡ್ ಬಿಟ್ಟು, ಲಗ್ಗೆರೆ ಹೊಸ ಪ್ರೋಗ್ರಾಂನಲ್ಲಿ ಓಡತೊಡಗಲು ನಲವತ್ತು ನಿಮಿಷ ಹಿಡಿಯಿತು.

ಅವಳು ವಾಪಸ್ ಬರುವಷ್ಟರಲ್ಲಿ ಲಗ್ಗೆರೆಯ ಶಂಕ್ರವ್ವನ ಫೋನು. "ಎಲ್ಲಾರದೂ ಬಂತು, ನಮ್ಮನ್ಯಾಗ ಬರವಲ್ದವಾ!"

ತುಂಗಾ ತನ್ನ ಸಾಲು ಟೈಪ್ ಮಾಡಿದಳು. ಏನೂ ಕಾಣಲಿಲ್ಲ.

"ಅಲ್ಲಿ ಕಾಣಲ್ಲ ಮೇಡಂ," ಎಂದ ಮಧುಕುಮಾರ್. "ಪ್ಯಾಕೆಟ್ ಕರ್ನಲ್ ಹತ್ರ ಬರೋದೇ ಇಲ್ವಲ್ಲ. ನಮ್ದೇ ಟೂಲ್ ಇದೆ."

"ಅದ್ರಲ್ಲಿ ಒಂದೇ ಮನೇದು ನೋಡಕ್ಕಾಗತ್ತಾ?"

"ಸದ್ಯಕ್ಕೆ... ನಮ್ ಸಪೋರ್ಟ್‌ಗೆ ಮೇಲ್ ಹಾಕಿ."

ತುಂಗಾ ಲಗ್ಗೆರೆಯನ್ನು ಮತ್ತೆ ಕರ್ನಲ್‌ಗೆ ತಂದಳು. ಎರಡೇ ನಿಮಿಷದಲ್ಲಿ ತಪ್ಪು ಸಿಕ್ಕಿತು: ಶಂಕ್ರವ್ವನ ಮನೆಗೂ ಪಕ್ಕದ ಮನೆಗೂ ಒಂದೇ ನೆಟ್‌ವರ್ಕ್ ವಿಳಾಸ ಬಿದ್ದಿತ್ತು.

ಕಾಂತರಾಜು ಎಲ್ಲಾ ಲೈನುಗಳನ್ನೂ ಮಧುಕುಮಾರ್‌ನ ಪ್ರೋಗ್ರಾಂಗೆ ಕೊಡುವ ಒಪ್ಪಿಗೆಯ ಕಾಗದ ಮುಂದಿಟ್ಟರು. ಸರ್ವರ್ ಉಸ್ತುವಾರಿ ಅವಳದು, ಸಹಿಯೂ ಅವಳದೇ ಬೇಕು. "ಆರು ಪಟ್ಟು ಕಣಮ್ಮ! ಹಾಕು. ಇಲ್ಲಾಂದ್ರೆ ನಿನ್ ಜಾಗದಲ್ಲಿ ಅವರ ಕಡೆಯೋರನ್ನ ಕೂರಿಸ್ತೀನಿ."

ಕೆಲಸ ಹೋಗಬಹುದು. ಆದರೂ ತುಂಗಾಳ ದನಿ ತಗ್ಗಲಿಲ್ಲ.

"ಕೂರ್ಸಿ ಸಾರ್. ಶಂಕ್ರವ್ವನ ಹತ್ರ ಬೈಸ್ಕೊಂಡು ಮೇಲ್ ಹಾಕ್ತಾ ಕೂತಿರ್ಲಿ."

"ಹಂಗಾದ್ರೆ ಸ್ಪೀಡ್ ಬೇಡ್ವಾ ನಿಂಗೆ?"

"ಬೇಕು. ವಿಡಿಯೋನ ಬೇರೆ ಮಷೀನ್‌ಗೆ ತಿರುಗಿಸ್ತೀನಿ, ಅಲ್ಲಿ ಇವ್ರ ಪ್ರೋಗ್ರಾಂ ಓಡ್ಲಿ. ದಿನವಿಡೀ ಒಂದೇ ಕೆಲಸ, ಯಾರೂ ಏನೂ ಕೇಳಲ್ಲ. ಮನೆ ಲೈನ್‌ಗೆ ದಿನಕ್ಕೊಂದು ಕಾಯ್ಲೆ. ಅದನ್ನ ಕಣ್ಣಲ್ಲಿ ನೋಡ್ಬೇಕು. ಮನೆ ಲೈನ್ ಮಾತ್ರ ಕೊಡಲ್ಲ."

ಕಾಗದದಲ್ಲಿ 'ಎಲ್ಲಾ ಲೈನುಗಳು' ಎಂದಿದ್ದುದನ್ನು ಹೊಡೆದು 'ವಿಡಿಯೋ ಮಾತ್ರ' ಎಂದು ಬರೆದಳು. ಸಹಿಯ ಜಾಗ ಖಾಲಿ ಬಿಟ್ಟಳು.

"ಹಿಂಗೆ ಟೈಪ್ ಮಾಡ್ಸಿ ತನ್ನಿ ಸಾರ್," ಎಂದಳು, "ಹಾಕ್ತೀನಿ."