ನಡುವಿಗೆ ಪಿಸ್ತೂಲು ಕಟ್ಟೋರಿಗೆ ನಾಕು ಮಾತು

ಆದಿತ್ಯನಗರದ ಸಿಮೆಂಟ್ ಫ್ಯಾಕ್ಟರಿಗೆ ಲಾರಿ ಓಡಿಸಿ ಚಂದಾಗಿ ಗಳಿಸಿದ ನನ್ನ ಅಕ್ಕನ ಮಗ ಪೇಢಾ ಹಿಡಕೊಂಡು ಮನಿಗೆ ಬಂದ. ಕೂಸು ಹುಟ್ಟಿತೇನೋ ಅಂತ ಒಂದು ಬಾಯಿಗೆ ಹಾಕ್ಕೊಂಡೆ. ಕೂಸೂ ಇಲ್ಲ, ಗೀಸೂ ಇಲ್ಲ. "ಚಿಗವ್ವಾ, ಪಿಸ್ತೂಲಿಂದು ಲೈಸನ್ಸ್ ಸಿಕ್ತು, ಆಶೀರ್ವಾದ ಮಾಡು" ಅಂತ ಕಾಲಿಗೆ ಬಿದ್ದ. ಬೀಳುವಾಗೂ ಒಂದು ಕೈ ನಡುವಿನ ಮ್ಯಾಲೇ ಇತ್ತು. ಅಯ್ಯೋ ಶಿವನೇ, ಮತ್ತೊಬ್ಬ ಶೂರ ತಯಾರಾದ ಅಂದ್ಕೊಂಡೆ.

ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀಲಿಕತ್ತೀನಿ. ಅಂಗಿ ಒಳಗ ಪಿಸ್ತೂಲು ಮುಚ್ಚಿಟ್ಕೊಂಡು ತಿರುಗೋ ಹೊಸಬರು ಓದಿ ಉದ್ಧಾರ ಆಗ್ಲಿ. ಈ ಮುದುಕಿಗೇನು ಗೊತ್ತು ಅಂತೀರೇನು? ನನ್ನ ಗಂಡ ಅದನ್ನ ಕಟ್ಟಿದ್ರು. ನಾ ಅದರ ಜೋಡಿ ಸಂಸಾರ ಮಾಡೀನಿ.

ಆಗ ಮೈಸೂರು ರಾಜ್ಯ ಹೋಗಿ ಕರ್ನಾಟಕ ಅಂತ ಹೆಸರು ಬಂದು ಭಾಳ ದಿನ ಆಗಿರ್ಲಿಲ್ಲ. ನಾವು ಶಾಹಾಬಾದದಾಗ ಇದ್ವಿ. ನಮ್ಮ ಮನಿಯವರು ನೆಲಕ್ಕ ಹಾಸೋ ಫರ್ಸಿ ಕಲ್ಲಿನ ಖಣಿ ಗುತ್ತೇದಾರ್ರು. ಮೈದುನ ಚಿಮ್ಮನಚೋಡದಾಗ ಹೊಲ ನೋಡ್ಕೊಂಡಿದ್ದ. ಬಾವಿ ನೀರಿನ ಪಾಳಿ ಸಲುವಾಗಿ ಅಣ್ಣತಮ್ಮರಿಗೆ ಬಾಯಿ ಹತ್ತಿತು. ಸಿಟ್ಟಿನ ಭರದಾಗ ತಮ್ಮ "ಮತ್ತ ಈ ಬಾವಿ ಕಟ್ಟಿ ಹತ್ತಿದ್ರ ಕಾಲು ಮುರೀತೀನಿ" ಅಂದ. ಅಂದವ ಮನಿಗೆ ಹೋಗಿ ಉಣ್ಣದೇ ಮಲಗಿದ್ನಂತ, ಅವನ ಹೆಂಡತಿ, ನನ್ನ ನೆಗೆಣ್ಣಿ, ಆಮ್ಯಾಲ ಹೇಳಿದ್ಳು. ನಮ್ಮ ಮನಿಯವರು ಮಾತ್ರ ಆ ಮಾತನ್ನ ಎದ್ಯಾಗ ಇಟ್ಕೊಂಡು ಶಾಹಾಬಾದಕ್ಕ ಬಂದ್ರು. ಅವತ್ತಿಂದ ಹೋಗೋದು ಬರೋದು ಬಂದ್.

ನಮ್ಮತ್ತಿ ನಮ್ಮ ಹತ್ರ ಇದ್ರು. ಅವರಿಗೆ ಒಂದೇ ಆಸೆ. "ಇಬ್ಬರನ್ನೂ ಒಂದೇ ಪಂಕ್ತ್ಯಾಗ ಕುಂದ್ರಿಸಿ, ನನ್ನ ಕೈಲೆ ಹೋಳಗಿ ನೀಡಬೇಕು ನೋಡವ್ವಾ. ಆಮ್ಯಾಲ ನಾ ಸತ್ರೂ ಚಿಂತಿಲ್ಲ" ಅಂತ ರೊಟ್ಟಿ ಬಡಿಯುವಾಗೆಲ್ಲಾ ಅಂತಿದ್ರು. ನನಗೂ ಅದೇ ಬೇಕಿತ್ತು. ಮೈದುನ ನನ್ನ ಕೈಯಾಗ ಬೆಳದವ.

ನಮ್ಮ ಮನಿಯವರಿಗೆ ಬೇಕಾಗಿದ್ದು ಬ್ಯಾರೇನೇ. ಜೀವಕ್ಕ ಧೋಕಾ ಅದ ಅಂತ ಪಿಸ್ತೂಲಿಗೆ ಅರ್ಜಿ ಹಾಕಿದ್ರು. ಫೌಜದಾರ್ರು ವಿಚಾರಣಿಗೆ ಮನಿಗೆ ಬಂದು, ಯಾರಿಂದ ಧೋಕಾ ಅಂತ ಕೇಳಿದ್ರು. "ತಮ್ಮ ಒಬ್ಬ ಇದ್ದಾನ್ರಿ, ಭಾಳ ಸಿಟ್ಟಿನವ" ಅಂದ್ರು ಈ ಮಹಾನುಭಾವರು! ನನ್ನ ಕೈಯಾಗಿನ ಚಹಾ ನೆಲಕ್ಕ ಚೆಲ್ಲಿತು. ಹೇಳಲಿಕ್ಕ ಬ್ಯಾರೆ ವೈರಿ ಸಿಗ್ಲಿಲ್ಲ ನೋಡ್ರಿ, ಹಾಲು ಹಂಚ್ಕೊಂಡು ಕುಡದವನೇ ಬೇಕಾದ. ಮಾತು ಶಾಹಾಬಾದದಿಂದ ಚಿಮ್ಮನಚೋಡ ಮುಟ್ಟಲಿಕ್ಕ ಎಷ್ಟೊತ್ತು? ಮುಟ್ಟಿತು. ಇವರಿಗೆ ಲೈಸನ್ಸೂ ಸಿಕ್ತು.

ಈಗ ನಿಮಗ ನನ್ನ ಉಪದೇಶ. ಪಿಸ್ತೂಲು ಯಾರಿಗೂ ಕಾಣಬಾರ್ದು ಅಂತ ನಿಮಗ ಹೇಳಿರ್ತಾರ. ಹೌದು, ಕಾಣಬಾರ್ದು. ಅದಕ್ಕ ಮೊದಲು ದರ್ಜಿ ಹತ್ರ ಹೋಗ್ರಿ. ನಮ್ಮವರು ಹೋಗಿ, ಬನಿಯನ್ ಒಳಗ ಗುಪ್ತ ಕಿಸೆ ಹೊಲಿ ಅಂದ್ರು. ಎಷ್ಟು ದೊಡ್ಡದು ಬೇಕ್ರೀ ಅಂತ ಅವ ಕೇಳಿದ. ಇವರು ಅಂಗಡ್ಯಾಗ ನಿಂತು ಕೈಲೆ ಅಳತಿ ತೋರಿಸಿದ್ರು. ಸಂಜಿಕ್ಕ ಪಾನ್ ಅಂಗಡಿಯವ ಭಾಳ ಮರ್ಯಾದಿಲೆ ಕೇಳಿದ: "ಸಾವಕಾರ್ರೇ, ಎಡಗಡಿ ಇಟ್ಟೀರೋ, ಬಲಗಡಿ ಇಟ್ಟೀರೋ?" ಇಷ್ಟು ಗುಪ್ತ.

ಇನ್ನ ಕುಂದ್ರೋದು ಮರತುಬಿಡ್ರಿ. ಚಕ್ಕಳಮಕ್ಕಳ ಹಾಕಿದ್ರ ಅದರ ಮೂತಿ ತೊಡಿಗೆ ಚುಚ್ಚತದ, ಬಗ್ಗಿದ್ರ ಹಿಡಿಕಿ ಹೊಟ್ಟಿಗೆ ಒತ್ತತದ. ಎಲ್ಲಾರೂ ನೆಲಕ್ಕ ಕುಂತು ಉಂಡ್ರ ನಮ್ಮ ಗುತ್ತೇದಾರ್ರು ಕುರ್ಚಿ ಮ್ಯಾಲ ತಾಟು ಹಿಡಕೊಂಡು ಕುಂದ್ರತಿದ್ರು. ಮದಿವ್ಯಾಗೂ ಹಂಗೇ. ಪಾಪ, ಮೂಲವ್ಯಾಧಿ ಆಗಿರಬೇಕು ಅಂತ ಬೀಗರ ಹೆಣ್ಣುಮಕ್ಕಳು ನನಗ ಮನಿಮದ್ದು ಹೇಳಿ ಕಳಿಸಿದ್ರು.

ರೈಲಿನ ಸುದ್ದಿ ಕೇಳಬ್ಯಾಡ್ರಿ. ಒಂದು ಸಲ ವಾಡ್ಯಾಗ ಗಾಡಿ ಬದಲಿಸಿ ಚಿತ್ತಾಪುರಕ್ಕ ಹೊಂಟಿದ್ವಿ. ವಾಡಿ ಜಂಕ್ಷನ್ ಗದ್ದಲ ನಿಮಗ ಗೊತ್ತದ. ಇವರು ಎರಡೂ ಕೈಲೆ ನಡು ಹಿಡಕೊಂಡು ನಿಂತಿದ್ರು. ಬಾಜೂಕ ಕುಂತ ಮುದುಕಿ ನೋಡೇ ನೋಡಿದ್ಳು. ಕಡಿಗೆ ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಗಿ ಓಮು ತಗದು, "ತಗೋಪಾ ತಮ್ಮಾ, ಬಾಯಾಗ ಹಾಕ್ಕೋ, ಹೊಟ್ಟಿನೋವು ಭಾಳ ಕೆಟ್ಟದ್ದು" ಅಂದ್ಳು. ಹೊಟ್ಟಿನೋವಲ್ಲ ಅಂದ್ರ ಮತ್ತೇನು ಅಂತ ಕೇಳ್ತಾಳ. ಸುಮ್ಮನ ಓಮು ಅಗದ್ರು. ನಾ ಚಿತ್ತಾಪುರ ಬರೋತನಕ ಮುಖಕ್ಕ ಸೆರಗು ಮುಚ್ಕೊಂಡು ನಕ್ಕೆ.

ಆದ್ರ ಖರೇ ಹೇಳಬೇಕಂದ್ರ ನಗು ಭಾಳ ದಿನ ಉಳೀಲಿಲ್ಲ. ಮೊದಲು ಕತ್ತಲದಾಗ ಒಬ್ಬರೇ ಹಾಡು ಗುನುಗಿಕೋತ ಖಣಿಯಿಂದ ಬರೋ ಮನಿಷ್ಯಾ, ಈಗ ನಾಯಿ ಬೊಗಳಿದ್ರ ಎದ್ದು ಕುಂದ್ರತಿದ್ರು. ಹಾದ್ಯಾಗ ಯಾರರೆ ಹಿಂದ ಬಂದ್ರ ನಿಂತು, ಅವರನ್ನ ಮುಂದ ಬಿಟ್ಟು ಹೋಗ್ತಿದ್ರು. ಜಗಳಾಡೋ ಗೆಳ್ಯಾರು ಜಗಳಾಡೋದು ಬಿಟ್ರು, ಅದರ ಜೋಡಿ ನಗಿ-ಚಾಷ್ಟಿ ಮಾಡೋದೂ ಬಿಟ್ರು. ಅಂಜಿಕಿ ಹೋಗ್ಲಿ ಅಂತ ತಂದ ಸಾಮಾನು ಅಂಜಿಕಿಗೆ ಮನ್ಯಾಗ ಹಾಸಿಗಿ ಹಾಸಿ ಕೊಟ್ಟಿತು. ನನಗ ಸಿಟ್ಟೂ ಬರ್ತಿತ್ತು, ಮರುಕಾನೂ ಬರ್ತಿತ್ತು.

ದಸರಾ ಬಂತು. ನಮ್ಮ ಕಡಿ ಬನ್ನಿ ಹಬ್ಬದ ದಿನ ಸಣ್ಣವರು ದೊಡ್ಡವರ ಮನಿಗೆ ಹೋಗಿ, ಬನ್ನಿ ಎಲಿ ಕೊಟ್ಟು, ಕಾಲಿಗೆ ಬಿದ್ದು, ಎದಿಗೆ ಎದಿ ಹಚ್ಚಿ ಅಪ್ಪಿಕೊಳ್ಳೋ ಪದ್ಧತಿ. ಹಳೇ ಸಿಟ್ಟೆಲ್ಲಾ ಅವತ್ತು ತೀರಬೇಕು. ನಾ ಗುಟ್ಟಾಗಿ ನೆಗೆಣ್ಣಿಗೆ ಹೇಳಿ ಕಳಿಸಿದೆ: ಈ ಸಲ ಹೆಂಗರೆ ಮಾಡಿ ನಿನ್ನ ಗಂಡನ್ನ ಕಳಿಸು, ಅವ್ವನ ಮಾರಿ ನೋಡು. ಬರ್ತಾನ ಅಂತ ಉತ್ತರ ಬಂತು. ನಮ್ಮತ್ತಿ ಆ ಸುದ್ದಿ ಕೇಳಿ ಗೋಡಿಗೆ ಆತು ಅತ್ತರು. ನಮ್ಮ ಮನಿಯವರು ಬಜಾರಕ್ಕ ಹೋಗಿ ತಮ್ಮಗ ಒಂದು ಧೋತರ ತಂದಿಟ್ರು. ನಾ ಅಷ್ಟು ಖುಷಿ ಆಗಿ ಎಷ್ಟು ವರ್ಷ ಆಗಿತ್ತೋ.

ಖಂಡೇಪೂಜಿ ದಿನ ಖಣಿಯ ಸುತ್ತಗಿ, ಉಳಿ, ಹಾರಿ ಎಲ್ಲಾ ತೊಳದು ದೇವರ ಜಗಲಿ ಮುಂದ ಇಟ್ವಿ. ಪಿಸ್ತೂಲೂ ಬಂತು. ಇವರು ಗುಂಡು ತಗದು ಇಟ್ಟಿದ್ರು, ಅಷ್ಟು ಶಾಣ್ಯಾತನ ಇತ್ತು. ನಮ್ಮತ್ತಿ ಕುಂಕುಮ ಹಚ್ಚಲಿಕ್ಕ ಬಂದು, "ಇದರಾಗ ಏನೂ ಇಲ್ಲೇನೋ?" ಅಂತ ಕೇಳಿದ್ರು. ಇಲ್ಲ ಅಂದ್ರು ಮಗ. "ಯವ್ವಾ! ಹಬ್ಬದಾಗ ಖಾಲಿ ಇಡ್ತಾರೇನೋ? ತುಂಬು." ನಮ್ಮ ಮನ್ಯಾಗ ಪೂಜಿಗೆ ಇಟ್ಟದ್ದು ಯಾವುದೂ ಖಾಲಿ ಇರಬಾರ್ದು. ಕೊಡದಾಗ ನೀರು, ಸೇರಿನ್ಯಾಗ ಜ್ವಾಳ, ಕಡಿಗೆ ಎಣ್ಣಿ ಡಬ್ಬ್ಯಾಗೂ ತಳಕ್ಕ ನಾಕು ಹನಿ ಇರಬೇಕು. ಅದೇ ಲೆಕ್ಕ ಪಿಸ್ತೂಲಿಗೂ ಹತ್ತಿತು. ಮಗ ಗುಂಡು ತುಂಬಿದ್ರು, ತಾಯಿ ಅದರ ಮ್ಯಾಲ ಹೂವ ಏರಿಸಿದ್ರು.

ಮರುದಿನ ಸಂಜಿಮುಂದ ಪೂಜಿ ಮಾಡಿದ ಆಯುಧ ತಗೊಂಡು ಊರ ಸೀಮಿ ದಾಟಿ ಬನ್ನಿಗಿಡಕ್ಕ ಹೋಗೋದು. "ಇವತ್ತೊಂದು ದಿನ ಅದನ್ನ ಬಿಟ್ಟು ಹೋಗ್ರಿ, ಮೈದುನ ಬರ್ತಾನ" ಅಂದೆ. "ಪೂಜಿ ಮಾಡಿದ್ದು ಬಿಟ್ಟು ಹೋಗ್ಲಿಕ್ಕ ಬರ್ತದೇನು? ನಿನಗೇನು ತಿಳೀತದ" ಅಂತ ಕಟ್ಕೊಂಡು ಹೋದ್ರು. ಒಂದು ಉಳಿ ಹಿಡಕೊಂಡು ಹೋಗಿದ್ರ ದೇವರು ಬ್ಯಾಡ ಅಂತಿದ್ನೇನು?

ಇವರು ತಿರುಗಿ ಬರೋ ಹೊತ್ತಿಗೆ ಮೈದುನ ಅಂಗಳದಾಗ ನಿಂತಿದ್ದ. ಸೇಡಂದಾಗ ರೈಲು ಹತ್ತಿ, ವಾಡ್ಯಾಗ ಗಾಡಿ ಬದಲಿಸಿ, ಬೆವತು ಬಂದಿದ್ದ. ಅಣ್ಣನ ಕಾಲಿಗೆ ಬಿದ್ದು, ಕೈಯಾಗ ಬನ್ನಿ ಇಟ್ಟು, "ಬಂಗಾರದಂಗ ಇರೋಣ ಅಣ್ಣಾ" ಅಂದ. ಇವರು ತಮ್ಮನ್ನ ಎತ್ತಿ ಗಟ್ಟ್ಯಾಗಿ ಅಪ್ಪಿಕೊಂಡ್ರು. ನಮ್ಮತ್ತಿ ಬಾಗಿಲದಾಗ ಹೋಳಗಿ ತಾಟು ಹಿಡಕೊಂಡು ನಿಂತಿದ್ರು. ಒಳಗ ಊಟಕ್ಕ ಕುಂದ್ರಲಿಕ್ಕ ಎರಡು ಮಣಿ ಜೋಡಿಸಿ ಹಾಕಿದ್ದೆ.

ಅಪ್ಪಿಕೊಂಡಲ್ಲೇ ಮೈದುನನ ಮಾರಿ ಬದಲಾತು. ಹೊಟ್ಟಿಗೆ ಏನೋ ಒತ್ತಿತ್ತು. ಕೈ ಕೆಳಗ ಇಳಿಸಿ ಮುಟ್ಟಿ ನೋಡಿದ. ಒಂದು ಹೆಜ್ಜಿ ಹಿಂದ ಸರದ.

"ಅಣ್ಣಾ, ಇದನ್ನ ಕಟ್ಕೊಂಡೇ ನನ್ನ ಅಪ್ಪಿಕೊಂಡಿಯೇನು? ನನ್ನ ಸಲುವಾಗೇ ತಂದಿ ಅಂತ ಊರೆಲ್ಲಾ ಅಂದ್ರು. ನಾ ನಂಬಿರ್ಲಿಲ್ಲ."

"ಹಬ್ಬದ್ದೋ... ಪೂಜಿ ಮಾಡಿದ್ದು..." ಅಂತ ತೊದಲಿದ್ರು ಇವರು.

"ತುಂಬ್ಯಾದೇನು?"

ಇವರು ಅಂಗಿ ಕೆಳಗ ಎಳಕೊಂಡ್ರು. ನಮ್ಮತ್ತಿಗೆ ಏನು ನಡದದ ಅನ್ನೋದೇ ತಿಳಿದಿದ್ದಿಲ್ಲ. ಬಾಗಿಲದಿಂದ ಖುಷೀಲೆ ಅಂದ್ರು: "ತುಂಬ್ಯಾದಪ್ಪಾ, ತುಂಬ್ಯಾದ. ನಾನೇ ನಿಂತು ತುಂಬಿಸೀನಿ."

ಮೈದುನ ಅವ್ವನ ಕಡಿ ನೋಡಿದ. ಆ ನೋಟ ಯಾ ವೈರಿಗೂ ಬರಬಾರ್ದು. "ನೀನೂ ಏನವ್ವಾ" ಅಂದ, ಅಷ್ಟೇ. ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ ಕಡಿ ನಡದ. ಹಂಗಲ್ಲೋ, ಪದ್ಧತೀಯೋ ಅಂತ ನಾ ಬರಿಗಾಲಿಲೆ ಓಣಿ ತುದಿತನಕ ಒದರಿಕೋತ ಓಡಿದೆ. ತಿರುಗಿ ನೋಡ್ಲಿಲ್ಲ. ಅವನೂ ಅದೇ ಮನ್ಯಾಗ ಹುಟ್ಟಿದವ, ಪದ್ಧತಿ ಅವನಿಗೆ ಗೊತ್ತಿರ್ಲಿಲ್ಲೇನು? ಗೊತ್ತಿತ್ತು. ಆದ್ರ ಹೊಟ್ಟಿಗೆ ಪಿಸ್ತೂಲು ಒತ್ತಿದಾಗ ಪದ್ಧತಿ ಯಾರ ನೆನಪಿಗೆ ಬರ್ತದ?

ಮರುದಿನವೇ ನಮ್ಮ ಮನಿಯವರು ಪಿಸ್ತೂಲು ಠಾಣೆದಾಗ ಒಪ್ಪಿಸಿ ಬಂದ್ರು. ಲೈಸನ್ಸೂ ಬ್ಯಾಡ ಅಂದ್ರು. ಮುಂದಿನ ಬನ್ನಿ ಹಬ್ಬಕ್ಕ, ದೊಡ್ಡವರು ಅನ್ನೋದು ಬಿಟ್ಟು, ಅವ್ವನ್ನ ಕರಕೊಂಡು ತಾವೇ ಚಿಮ್ಮನಚೋಡಕ್ಕ ಹೋದ್ರು. ನಾನೂ ಹೋಗಿದ್ದೆ. ಮೈದುನ ಹೊರಗ ಬಂದ, ಬರ್ರಿ ಅಂದ, ಕಾಲಿಗೆ ನೀರು ಕೊಟ್ಟ. ಇಬ್ಬರನ್ನೂ ಒಂದೇ ಪಂಕ್ತ್ಯಾಗ ಕುಂದ್ರಿಸಿ ನಮ್ಮತ್ತಿ ಹೋಳಗಿ ನೀಡಿದ್ರು. ಮ್ಯಾಲ ತುಪ್ಪ ಹಾಕಿದ್ರು. ಇಬ್ಬರೂ ತಾಟು ನೋಡ್ಕೋತ ಉಂಡ್ರು.

ಉಂಡಾದ ಮ್ಯಾಲ ಬನ್ನಿ ಕೊಟ್ಕೊಂಡ್ರು. ಮೈದುನ ಅಣ್ಣನ್ನ ಅಪ್ಪಿಕೊಂಡ. ಅಪ್ಪಿಕೊಳ್ಳೋಕಿಂತ ಮೊದಲು ಅವನ ಕೈ ಅಣ್ಣನ ನಡು ಸವರಿ ನೋಡಿತು. ಅವನು ಬೇಕಂತ ಮಾಡ್ಲಿಲ್ಲ. ನಮ್ಮ ಮನಿಯವರು ಮಾತ್ರ, ಸರಿಯಾಗಿ ನೋಡ್ಕೊಳ್ಳಲಿ ಅಂತ, ಎರಡೂ ಕೈ ಮ್ಯಾಲ ಎತ್ತಿ ನಿಂತಿದ್ರು.