ಕೇಳದ ಪ್ರಾರ್ಥನೆಗೆ ನಾನು ಕೊಟ್ಟ ಉತ್ತರ

ಅಕ್ಕನ ಮದುವೆಗಾಗಿ ನಾನು ಇಸ್ತಿಖಾರಾ ನಮಾಜು ಮಾಡಲಿಲ್ಲ. ಮಾಡಿದೆನೆಂದು ಹೇಳಿದೆ. ಅಲ್ಲಾಹನ ಹೆಸರಿನಲ್ಲಿ ಬೇಡವೆಂದವಳು ನಾನು.

ಒಳ್ಳೆಯದಾದರೆ ಹತ್ತಿರ ತಾ, ಕೆಡುಕಾದರೆ ದೂರ ಮಾಡು ಎಂದು ಅವನಿಗೊಪ್ಪಿಸಿ, ಆಮೇಲೆ ಮನಸ್ಸು ಯಾವ ಕಡೆ ವಾಲುತ್ತದೆಂದು ಕಾಯುವುದು—ಅದೇ ಇಸ್ತಿಖಾರಾ. ಮಾಗಡಿಯಿಂದ ಅಕ್ಕನಿಗೆ ಸಂಬಂಧ ಬಂದಾಗ ಆಪಾ—ಅವಳನ್ನು ನಾನು ಕರೆಯುವುದು ಹಾಗೆ—ಅದನ್ನು ನನಗೆ ವಹಿಸಿದಳು.

"ನನ್ ಮನಸ್ಸು ಆಗ್ಲೇ ಅಲ್ಲಿ ಹೋಗಿ ಕೂತಿದೆ ಕಣೇ. ನಾನು ಕೇಳಿದ್ರೆ ನನ್ನಾಸೇನೇ ಉತ್ತರ ಹೇಳ್ಬಿಡತ್ತೆ. ನೀನು ಓದಿದೋಳು, ನೀನು ಕೇಳು."

ಅಮ್ಮಿಗೆ ಪಾರ್ಶ್ವವಾಯು. ಆಪಾ ಹೊರಟುಹೋದರೆ, ಕೆಂಗೇರಿಯಿಂದ ಬೆಳಗಿನ ರೈಲಿಗೆ ಕಾಲೇಜಿಗೆ ಹೋಗುತ್ತಿದ್ದ ನಾನು ಮನೆಯಲ್ಲೇ ಉಳಿಯಬೇಕಿತ್ತು. ಬಿ.ಎ. ಮುಗಿಸಿಕೊಡು—ದಿನವೂ ನಾನು ಬೇಡುತ್ತಿದ್ದುದು ಅಷ್ಟೇ.

ಮರುದಿನ "ಮನಸ್ಸು ಒಪ್ಪಲಿಲ್ಲ ಆಪಾ" ಎಂದೆ. ನನ್ನ ಮನಸ್ಸು ಒಪ್ಪಲಿಲ್ಲ ಎನ್ನುವುದು ನಿಜವೇ ತಾನೇ—ಇಲ್ಲ, ಸುಳ್ಳು. ಆ ಬೆಳಿಗ್ಗೆ ಇಸ್ತಿಖಾರಾಕ್ಕೆಂದು ಕೈಕಾಲು ತೊಳೆದು ವುಜೂ ಮಾಡಿದ ನೀರಿನ ತಂಪು ಕೂಡ ನನಗೆ ನೆನಪಿದೆ. ಹೇಳಿ ಹೇಳಿ ನಾನೇ ಹುಟ್ಟಿಸಿಕೊಂಡ ನೆನಪು ಅದು.

ನಾನು ಬೇಡಿದ್ದು ಬೇಡಿದಂತೆಯೇ ಸಿಕ್ಕಿತು. ಹೆದರಿಸುವುದು ಅದೇ. ಆಪಾ ಮಾತ್ರ ಒಲೆಗೂ ಅಮ್ಮಿಯ ಹಾಸಿಗೆಗೂ ನಡುವೆ ಉಳಿದಳು. ಕೇಳಿದ್ದು ಸಿಗಲಿಲ್ಲವೆಂದು ನೆರೆಯವರು ಅತ್ತರೆ ಅವಳೇ ಸಮಾಧಾನ ಹೇಳುತ್ತಿದ್ದಳು: "ಅವನು ಕೊಡದೆ ಇರೋದೂ ಕೊಟ್ಟ ಹಾಗೇನೇ. ಯಾವ ಕೆಡುಕು ತಪ್ಪಿಸಿದ್ನೋ, ಉಪಕಾರ ನೆನೆದು ಶುಕ್ರ್ ಹೇಳ್ಬೇಕು! ಬೇಕಾದ್ರೆ ನನ್ ತಂಗೀನ ಕೇಳಿ." ನಾನು ಹೌದೆಂದು ತಲೆಯಾಡಿಸುತ್ತಿದ್ದೆ.

ಈಗ ರಾಜಾಜಿನಗರದಿಂದ ನನಗೊಂದು ಸಂಬಂಧ ಬಂದಿದೆ. ನಿನ್ನೆ ಆಪಾ ನಮಾಜಿನ ಚಾಪೆ ಹಾಸುತ್ತ ನಕ್ಕಳು. "ಈ ಸಲ ನಿಂದು ನಾನು ಕೇಳ್ತೀನಿ. ಬೇಡ ಅಂತ ಬಂದ್ರೆ ಮುಖ ಊದಿಸ್ಕೋಬೇಡ ಮತ್ತೆ!"

"ಆಪಾ, ಆವತ್ತು ನಾನು ಕೇಳ್ಲೇ ಇಲ್ಲ. ಕಾಲೇಜು ಬಿಡ್ಬೇಕಾಗತ್ತಲ್ಲಾ ಅಂತ ಹೆದರಿ ಸುಳ್ಳು ಹೇಳ್ದೆ."

ಚಾಪೆಯ ಮಡಿಕೆ ತೀಡುತ್ತಿದ್ದ ಕೈ ನಿಂತಿತು.

"ಹಾಗಾದ್ರೆ ಇಷ್ಟು ವರ್ಷ ಅವನಿಗೆ ನಾನು ಏನಕ್ಕೆ ಶುಕ್ರ್ ಹೇಳ್ತಿದ್ದೆ?"

ನನ್ನ ಸುಳ್ಳೂ ಅವನ ಉತ್ತರದ ದಾರಿಯೇ ಆಗಿದ್ದಿರಬಹುದು—ಎನ್ನಬಹುದಿತ್ತು. ಅವಳು ಹೇಳಿದರೆ ಅದು ನಂಬಿಕೆ. ನಾನು ಹೇಳಿದರೆ ನೆಪ.

ಆಪಾ ಎದ್ದು ನಮಾಜಿನ ದಿಕ್ಕಾದ ಕಿಬ್ಲಾದ ಕಡೆ ಮುಖಮಾಡಿ ನಿಂತಳು. ಯಾರಿಗಾಗಿ, ಏನು ಕೇಳಿದಳೋ ತಿಳಿಯದು. ನಾನು ಒಳಗೆ ಹೋಗಿ ಅಮ್ಮಿಯ ಮಗ್ಗುಲು ಬದಲಿಸಿದೆ. ರಾಜಾಜಿನಗರಕ್ಕೆ ಏನೇ ಉತ್ತರ ಹೋಗಲಿ, ಇನ್ನು ಅಮ್ಮಿಯ ಆರೈಕೆ ನನ್ನ ಕೆಲಸ.